ಮೋಟಾರ್ ಸೆಟ್ ಓಡುತ್ತಿಲ್ಲವೇ? ಹೊಸ ಹಬ್ ತರಿಸುವ ಮೊದಲು ಇವನ್ನು ನೋಡಿ

ತುಂಡು ಜೋಡಿಸಿ ಕಟ್ಟುವ, ಫೋನಿನಿಂದ ಅಥವಾ ರಿಮೋಟಿನಿಂದ ಓಡುವ ದೊಡ್ಡ ಲೆಗೋ ಟೆಕ್ನಿಕ್ ಸೆಟ್ ನಿಂತುಹೋದರೆ ಮನೆಯವರೆಲ್ಲ ಒಂದೇ ಮಾತು ಹೇಳುತ್ತಾರೆ: "ಹಬ್ ಹೋಯ್ತು." ಹಬ್ ಅಂದರೆ ಸೆಲ್ ಕೂರುವ, ಮೋಟಾರುಗಳ ವೈರ್ ಸೇರುವ, ಫೋನಿನ ಮಾತು ಕೇಳಿ ಮೋಟಾರ್ ಓಡಿಸುವ ಪೆಟ್ಟಿಗೆ. ಮುಂಬಯಿಯಲ್ಲಿ, ಅದರಲ್ಲೂ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮ ಕನ್ನಡದವರ ಮನೆಗಳಲ್ಲಿ, ಇಂಥ ಸೆಟ್‌ಗಳನ್ನು ನೋಡಿಕೊಡುವುದು ನನಗೆ ತುಂಬಾ ಇಷ್ಟದ ಕೆಲಸ. ನಿಜವಾಗಿ ಸತ್ತ ಹಬ್ ಕೈಗೆ ಸಿಗುವುದು ಅಪರೂಪ. ಸೋತ ಸೆಲ್, ಫೋನಿನಲ್ಲಿ ಕೊಡದ ಅನುಮತಿ, ಅದಲುಬದಲಾದ ವೈರ್, ಬಿಗಿಯಾದ ಆಕ್ಸಲ್. ಜಾಸ್ತಿ ಸಲ ತೊಂದರೆ ಈ ನಾಲ್ಕರಲ್ಲೇ ಸಿಗುತ್ತದೆ.

ಆದ್ದರಿಂದ ಖರ್ಚಿಲ್ಲದ ಪರೀಕ್ಷೆ ಮೊದಲು, ಅಗ್ಗದ್ದು ಆಮೇಲೆ, ದುಬಾರಿ ಭಾಗ ಬದಲಾಯಿಸುವುದು ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಸುಮ್ನೆ ದುಡ್ಡು ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದು ಗೊತ್ತಾಗಬೇಕಾದರೆ ಬೆಲೆ ಎಲ್ಲಿ ಕೂತಿದೆ ಅಂತ ತಿಳಿದಿರಬೇಕು.

ದುಡ್ಡು ಹೋಗುವುದು ಇಟ್ಟಿಗೆಗಲ್ಲ

ಎರಡು ಸೆಟ್ ಪಕ್ಕಪಕ್ಕ ಇಟ್ಟು ನೋಡಿ. 2018ರಲ್ಲಿ ಬಂದ 42082 ನಂಬರಿನ ಕ್ರೇನ್‌ನಲ್ಲಿ 4057 ತುಂಡು. ಅದಕ್ಕೆ ಒಂದೇ ಮೋಟಾರ್, ರಿಮೋಟ್ ಇಲ್ಲ. ಅಮೆರಿಕದಲ್ಲಿ ಬಿಡುಗಡೆಯ ಬೆಲೆ 300 ಡಾಲರ್. ಮರುವರ್ಷ 42100 ಬಂತು. ಲೀಬ್‌ಹೆರ್ ಕಂಪನಿಯ ಆರ್ 9800 ಅನ್ನುವ ಗಣಿ ಎಕ್ಸ್‌ಕವೇಟರಿನ ಮಾದರಿ ಅದು. ಅದರಲ್ಲಿ 4108 ತುಂಡು, 7 ಮೋಟಾರ್, 2 ಹಬ್. ಬೆಲೆ 450 ಡಾಲರ್. ತುಂಡುಗಳ ಲೆಕ್ಕ ಹೆಚ್ಚುಕಡಿಮೆ ಒಂದೇ, ಬೆಲೆ ಮಾತ್ರ ಒಂದೂವರೆ ಪಟ್ಟು. ನಡುವಿನ 150 ಡಾಲರ್ ಬಹುಮಟ್ಟಿಗೆ ಮೋಟಾರ್ ಮತ್ತು ಹಬ್‌ಗಳದ್ದು ಅಂತ ನನ್ನ ಲೆಕ್ಕ.

2023ರಲ್ಲಿ ಬಂದ 42146 ಕ್ರಾಲರ್ ಕ್ರೇನ್ ಇನ್ನೂ ಮುಂದೆ ಹೋಯಿತು. 2883 ತುಂಡು, 6 ಮೋಟಾರ್, 2 ಹಬ್, ಬೆಲೆ 680 ಡಾಲರ್. ಎಕ್ಸ್‌ಕವೇಟರಿನಲ್ಲಿ ಒಂದು ತುಂಡಿಗೆ ಸುಮಾರು 11 ಸೆಂಟ್ ಬಿದ್ದರೆ ಇಲ್ಲಿ 23 ಸೆಂಟ್ ದಾಟುತ್ತದೆ. ಈ ಬೆಲೆ ನನಗೆ ಒಪ್ಪಿಗೆಯಾಗಿಲ್ಲ. ಮೋಟಾರ್ ಕಡಿಮೆ, ತುಂಡು ಕಡಿಮೆ, ಬೆಲೆ ಮಾತ್ರ ಜಾಸ್ತಿ.

ನಮ್ಮಲ್ಲಿಗೆ ಬರುವಾಗ ಇದರ ಮೇಲೆ ಸುಂಕ ಕೂರುತ್ತದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತದ ಗುಣಮಟ್ಟ ಸಂಸ್ಥೆ) ಪ್ರಮಾಣವೂ ಕಡ್ಡಾಯವಾಯಿತು. ಹೀಗಿರುವಾಗ ಹೊರಗಿನಿಂದ ಒಂದು ಬಿಡಿ ಹಬ್ ತರಿಸುವುದು ಸಣ್ಣ ಮಾತಲ್ಲ. ದುಬೈಯಿಂದ ಬರುವ ನೆಂಟರಿಗೆ ಹೇಳಿದರೂ ಒಂದು ರಜೆ ಕಾಯಬೇಕು. ತರಿಸುವ ಮೊದಲು ಒಂದು ಸಂಜೆ ಕೂತು ಪರೀಕ್ಷೆ ಮಾಡುವುದು ಎಷ್ಟೋ ಮೇಲು.

ಮೊದಲು ಸೆಲ್

ಟೆಕ್ನಿಕ್ ಹಬ್ (ಭಾಗದ ನಂಬರ್ 88012) ಆರು ಎಎ ಸೆಲ್ ಮೇಲೆ ಓಡುತ್ತದೆ. ಎರಡು ಹಬ್ ಇರುವ ಸೆಟ್ಟಿಗೆ ಹನ್ನೆರಡು ಬೇಕು. ಹನ್ನೆರಡು ಸೆಲ್ ಒಟ್ಟಿಗೆ ಕೊಳ್ಳುವಾಗ ಕೈ ತಾನಾಗಿಯೇ ಅಗ್ಗದ ಪೆನ್ಸಿಲ್ ಸೆಲ್ ಕಡೆ ಹೋಗುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿ.

ಕಿರಾಣಿ ಅಂಗಡಿಯಲ್ಲಿ ಸಿಗುವ ಅಗ್ಗದ ಪೆನ್ಸಿಲ್ ಸೆಲ್ ಸಾಮಾನ್ಯವಾಗಿ ಝಿಂಕ್ ಕಾರ್ಬನ್ ಜಾತಿಯದು. ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಅದರ ಒಳಗಿನ ತಡೆ ಮಾತ್ರ ಜಾಸ್ತಿ. ಮೋಟಾರ್ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಹಬ್ ಆರಿಹೋಗುತ್ತದೆ. ಮತ್ತೆ ಆನ್ ಮಾಡಿದರೆ ದೀಪ ಚೆನ್ನಾಗಿ ಉರಿಯುತ್ತದೆ, ಹಾಗಾಗಿ ಸೆಲ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿದರೂ ಮೋಟಾರ್ ಓಡದಿರುವಾಗ ಅಳೆದ ವೋಲ್ಟೇಜ್ ಸರಿಯಾಗಿಯೇ ಕಾಣುತ್ತದೆ. ಭಾರ ಬಿದ್ದಾಗ ಎಷ್ಟಿದೆ ಅನ್ನುವುದು ಮುಖ್ಯ.

ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಒಂದೇ ಮೋಟಾರ್ ಓಡಿಸಿ. ಸರಾಗವಾಗಿ ಓಡಿತೇ? ಈಗ ಎರಡೂ ಕಡೆಯ ಚೈನ್‌ಗಳನ್ನು ಒಟ್ಟಿಗೆ ಪೂರ್ತಿ ವೇಗದಲ್ಲಿ ಓಡಿಸಿ. ಒಂದೇ ಇದ್ದಾಗ ಓಡಿ, ಎರಡು ಸೇರಿದಾಗ ಹಬ್ ಆರಿದರೆ ತಪ್ಪು ಸೆಲ್ಲಿನದು ಅಥವಾ ಅದರ ತುದಿ ತಾಗುವ ಲೋಹದ ಪತ್ತಿಯದು. ಹಬ್ ಸತ್ತಿಲ್ಲ.

ಆಲ್ಕಲೈನ್ ಹಾಕಿ. ಇಲ್ಲವೇ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ. ಎರಡನೆಯದು ಒಂದೊಂದು 1.2 ವೋಲ್ಟ್, ಆರು ಸೇರಿ 7.2 ವೋಲ್ಟ್. ಆಲ್ಕಲೈನ್ ಆರು ಸೇರಿ 9 ವೋಲ್ಟ್. ಹಾಗಾಗಿ ರೀಚಾರ್ಜ್ ಸೆಲ್ಲಿನಲ್ಲಿ ಗಾಡಿ ಸ್ವಲ್ಪ ನಿಧಾನ. ಆದರೆ ಒಳಗಿನ ತಡೆ ಕಡಿಮೆ ಇರುವುದರಿಂದ ಭಾರ ಬಿದ್ದಾಗ ಇದು ಕೈಬಿಡುವುದಿಲ್ಲ. ಮಕ್ಕಳು ದಿನಾ ಆಡುವ ಮನೆಯಾದರೆ ನಾನು ಇದನ್ನೇ ಹೇಳುತ್ತೇನೆ. ಯುಎಸ್‌ಬಿ ತಂತಿಯಿಂದ ಚಾರ್ಜ್ ಆಗುವ 1.5 ವೋಲ್ಟಿನ ಲಿಥಿಯಂ ಸೆಲ್ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ಅದರೊಳಗೆ ಒಂದು ಸಣ್ಣ ಸರ್ಕ್ಯೂಟ್ ಇರುತ್ತದೆ. ಕರೆಂಟ್ ಮಿತಿ ಮೀರಿದರೆ ಅದೇ ಸೆಲ್ಲನ್ನು ಬಂದ್ ಮಾಡುತ್ತದೆ. ಚಾರ್ಜ್ ಮುಗಿಯುವಾಗಲೂ ಮುನ್ಸೂಚನೆ ಕೊಡದೆ ನಿಲ್ಲುತ್ತದೆ.

ಆರೂ ಸೆಲ್ ಒಂದೇ ಜಾತಿ, ಒಂದೇ ವಯಸ್ಸಿನದಾಗಿರಲಿ. ಹಳೆಯದು ಒಂದು ಸೇರಿದರೂ ಉಳಿದ ಐದರ ಶಕ್ತಿ ಅದರಿಂದ ಕಟ್ಟಿಬೀಳುತ್ತದೆ. ಅದು ಸೋರುವುದೂ ಬೇಗ.

ಸೋರುವ ವಿಷಯ ಇಲ್ಲಿ ಗಟ್ಟಿಯಾಗಿ ಹೇಳಲೇಬೇಕು. ಬೇಸಿಗೆ ರಜೆ ಬಂತೆಂದರೆ ನಮ್ಮವರು ಊರಿಗೆ ಹೊರಡುತ್ತಾರೆ. ಮತ್ಸ್ಯಗಂಧ ರೈಲು ಹತ್ತಿ ಉಡುಪಿ, ಮಂಗಳೂರು ಕಡೆ ಹೋದರೆ ವಾಪಸ್ ಬರುವಷ್ಟರಲ್ಲಿ ಜೂನ್, ಮಳೆ. ಸೆಟ್ ಕಪಾಟಿನ ಮೇಲೆ, ಸೆಲ್ ಒಳಗೇ. ಆಗ ಸೆಲ್ ಸೋರಿ ಪತ್ತಿಯ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂರುತ್ತದೆ. ಸಮುದ್ರದ ಗಾಳಿ ತಾಗುವ ಮನೆಯಾದರೆ ಸೋರದಿದ್ದರೂ ಪತ್ತಿ ಮಂಕಾಗುತ್ತದೆ. ಆಲ್ಕಲೈನ್ ಸೋರಿದ್ದರೆ ಹತ್ತಿಯ ಕಡ್ಡಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ. ಅದು ಕ್ಷಾರವನ್ನು ಕೊಲ್ಲುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಪೂರ್ತಿ ಒಣಗಿಸಿ. ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಆಲ್ಕೊಹಾಲ್, ಮಲ್ಟಿಮೀಟರ್, ಒಳ್ಳೆಯ ಚಾರ್ಜರ್ ಎಲ್ಲವೂ ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತವೆ. ಪುಣೆಯವರಿಗೆ ಬುಧವಾರ ಪೇಟೆ ಇದೆ.

ದೀಪ ಮಿನುಗುತ್ತದೆ, ಫೋನಿಗೆ ಸಿಗುವುದಿಲ್ಲ

ಹಸಿರು ಗುಂಡಿ ಒತ್ತಿದಾಗ ದೀಪ ಬಿಳಿಯಾಗಿ ಮಿನುಗಿದರೆ ಹಬ್ ಬದುಕಿದೆ, ಸಂಪರ್ಕಕ್ಕೆ ಕಾಯುತ್ತಿದೆ. ಈಗ ನೋಡಬೇಕಾದ್ದು ಫೋನನ್ನು.

ಇದು ಬ್ಲೂಟೂತ್ ಲೋ ಎನರ್ಜಿ. ಹೆಡ್‌ಫೋನ್ ಜೋಡಿಸಿದ ಹಾಗೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಜೋಡಿಸಬೇಕಾಗಿಲ್ಲ. ಸೆಟ್ ಓಡಿಸುವ ಲೆಗೋ ಆ್ಯಪ್ ತಾನೇ ಹುಡುಕಿಕೊಳ್ಳುತ್ತದೆ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ, ಅಂದರೆ 6ರಿಂದ 11ರವರೆಗಿನ ಆವೃತ್ತಿಗಳಲ್ಲಿ, ಇಂಥ ಸಾಧನ ಹುಡುಕಲು ಲೊಕೇಶನ್ ಅನುಮತಿ ಬೇಕು. ಎಷ್ಟೋ ಫೋನುಗಳಲ್ಲಿ ಲೊಕೇಶನ್ ಆನ್ ಕೂಡ ಆಗಿರಬೇಕು. ಆಟಿಕೆಗೆ ಲೊಕೇಶನ್ ಯಾಕೆ ಅಂತ ಅಪ್ಪ ಅಮ್ಮ ಬೇಡ ಅಂದಿರುತ್ತಾರೆ. ಅವರ ಎಚ್ಚರ ಸರಿಯೇ, ಆದರೆ ಹಬ್ ಸಿಗದಿರುವುದೂ ಅದರಿಂದಲೇ. ಆಂಡ್ರಾಯ್ಡ್ 12ರಿಂದ ಹತ್ತಿರದ ಸಾಧನಗಳ ಅನುಮತಿ ಅಂತ ಬೇರೆಯೇ ಇದೆ. ಐಫೋನಿನಲ್ಲಿ ಆ ಆ್ಯಪ್‌ಗೆ ಬ್ಲೂಟೂತ್ ಅನುಮತಿ ಕೊಟ್ಟಿರಬೇಕು.

ಇನ್ನೊಂದು ಸಾಮಾನ್ಯ ಕಾರಣ ಮನೆಯ ಬೇರೆ ಫೋನ್. ಹಬ್ ಒಂದು ಸಲಕ್ಕೆ ಒಂದೇ ಸಾಧನಕ್ಕೆ ಸೇರುತ್ತದೆ. ಪಕ್ಕದ ಕೋಣೆಯ ಟ್ಯಾಬ್ಲೆಟ್‌ನಲ್ಲಿ ಆ್ಯಪ್ ತೆರೆದೇ ಇದ್ದರೆ ಅದು ಮೊದಲೇ ಹಿಡಿದುಕೊಂಡಿರುತ್ತದೆ. ಬೇರೆ ಫೋನುಗಳ ಬ್ಲೂಟೂತ್ ಎಲ್ಲ ಆರಿಸಿ ಒಂದೇ ಫೋನಿನಿಂದ ನೋಡಿ. ಸಾಧ್ಯವಿದ್ದರೆ ಬೇರೊಂದು ಫೋನಿನಲ್ಲೂ ನೋಡಿ. ಅಲ್ಲಿ ಸಿಕ್ಕಿದರೆ ಹಬ್ ನಿರ್ದೋಷಿ, ಅಲ್ವಾ?

ಫರ್ಮ್‌ವೇರ್ (ಹಬ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ನಡುವೆ ಸೆಲ್ ಸೋತು ನಿಂತಿದ್ದರೆ ಹಬ್ ಎಲ್ಲಿಯೂ ಕಾಣಿಸಿಕೊಳ್ಳದೆ ಕೂರಬಹುದು. ಹೊಸ ಸೆಲ್ ಹಾಕಿ. ಹಬ್ ಆಫ್ ಇರುವಾಗ ಹಸಿರು ಗುಂಡಿ ಒತ್ತಿ ಹಿಡಿಯಿರಿ. ದೀಪ ನೇರಳೆ ಬಣ್ಣದಲ್ಲಿ ಮಿನುಗುವವರೆಗೂ ಬಿಡಬೇಡಿ. ಆ ಸ್ಥಿತಿಯಿಂದ ಅಪ್‌ಡೇಟ್ ಮತ್ತೆ ಶುರು ಮಾಡಬಹುದು.

ಕೈಯಲ್ಲಿ ಹಿಡಿಯುವ ರಿಮೋಟ್ (88010) ಕೊಂಡು ನಿರಾಶರಾದವರೂ ಇದ್ದಾರೆ. ಅದು ರೈಲು ಸೆಟ್‌ಗಳ ಎರಡು ಪೋರ್ಟಿನ ಹಬ್‌ಗೆ (88009) ನೇರವಾಗಿ ಸೇರುತ್ತದೆ. ನಾಲ್ಕು ಪೋರ್ಟಿನ ಟೆಕ್ನಿಕ್ ಹಬ್‌ಗೆ ಹಾಗೆ ಸೇರುವುದಿಲ್ಲ, ನಡುವೆ ಆ್ಯಪ್ ಬೇಕು. ರಿಮೋಟ್ ಕೆಟ್ಟಿದೆ ಅಂತ ಅದನ್ನು ಮಾರಿಬಿಡಬೇಡಿ. ಪೈಬ್ರಿಕ್ಸ್ ಅನ್ನುವ ಮುಕ್ತ ಫರ್ಮ್‌ವೇರ್ ಹಾಕಿದರೆ ಫೋನೇ ಇಲ್ಲದೆ ಈ ರಿಮೋಟಿನಿಂದ ಟೆಕ್ನಿಕ್ ಹಬ್ ಓಡಿಸಬಹುದು. ಪೈಥಾನ್ ಭಾಷೆಯಲ್ಲಿ ಸ್ವಲ್ಪ ಪ್ರೋಗ್ರಾಂ ಬರೆಯಬೇಕು, ಅಷ್ಟೇ. ದೊಡ್ಡ ದುಡ್ಡು ಕೊಟ್ಟ ಸೆಟ್ ಒಂದು ಆ್ಯಪ್‌ನ ಆಯುಷ್ಯಕ್ಕೆ ಕಟ್ಟುಬಿದ್ದಿರುವುದು ನನಗೆ ಮೊದಲಿನಿಂದಲೂ ಚಿಂತೆಯ ವಿಷಯ. ಈ ದಾರಿ ತಿಳಿದಿರುವುದು ಒಳ್ಳೆಯದು.

ಬೂಮ್ (ಯಂತ್ರದ ಉದ್ದ ತೋಳು) ಎತ್ತಿ ಅಂದರೆ ಬಕೆಟ್ ತಿರುಗುತ್ತದೆ

ಇದು ವೈರ್ ಅದಲುಬದಲು. ಬೇರೇನೂ ಅಲ್ಲ. ಹಬ್‌ನ ಪೋರ್ಟ್‌ಗಳಿಗೆ ಎ, ಬಿ, ಸಿ, ಡಿ ಅಂತ ಗುರುತಿದೆ. ಯಾವ ಮೋಟಾರ್ ಯಾವ ಪೋರ್ಟಿನಲ್ಲಿ ಅನ್ನುವುದು ಆ್ಯಪ್‌ನ ಒಳಗೆ ಮೊದಲೇ ನಿಗದಿಯಾಗಿದೆ. ನಾಲ್ಕು ಕರಿ ವೈರ್ ಒಂದೇ ಕಡೆ ತೂರಿ ಬರುವಾಗ ಎರಡು ಬದಲಾಗುವುದು ಸಹಜ. ಎಕ್ಸ್‌ಕವೇಟರಿನಲ್ಲಿ ಏಳು ಮೋಟಾರ್, ಎರಡು ಹಬ್. ಅಲ್ಲಿ ಹಬ್‌ಗಳೇ ಬದಲಾಗಿ ಸೇರಿರುವ ಸಾಧ್ಯತೆಯೂ ಇದೆ. ಆ್ಯಪ್ ಯಾವ ಹಬ್‌ನ ಗುಂಡಿ ಮೊದಲು ಒತ್ತಲು ಹೇಳುತ್ತದೋ ಅದನ್ನೇ ಒತ್ತಿ. ಅರ್ಧ ಕೆಲಸ ಸರಿ, ಅರ್ಧ ಸತ್ತಂತಿದ್ದರೆ ಒಂದು ಹಬ್‌ನ ಸೆಲ್ ಮಾತ್ರ ಸೋತಿದೆಯೇ ನೋಡಿ.

ಕಟ್ಟುವಾಗಲೇ ಪ್ರತಿ ವೈರ್ ತುದಿಗೆ ಸಣ್ಣ ಕಾಗದದ ಪಟ್ಟಿ ಅಂಟಿಸಿ ಅಕ್ಷರ ಬರೆದುಬಿಡಿ. ಕಟ್ಟಿ ಮುಗಿದ ಮೇಲೆ ಹಬ್ ಹತ್ತಿರ ಬೆರಳು ಹೋಗುವುದಿಲ್ಲ.

ಒಂದು ಮೋಟಾರ್ ಪೂರ್ತಿ ಅಲುಗದಿದ್ದರೆ ಅದರ ಪ್ಲಗ್ ತೆಗೆದು, ಚೆನ್ನಾಗಿ ಓಡುವ ಮೋಟಾರಿನ ಪೋರ್ಟಿಗೆ ಹಾಕಿ. ಅಲ್ಲಿ ಓಡಿದರೆ ಮೊದಲಿನ ಪೋರ್ಟ್ ಅನುಮಾನ. ಅಲ್ಲೂ ಓಡದಿದ್ದರೆ ಮೋಟಾರ್ ಅಥವಾ ಅದರ ವೈರ್ ಅನುಮಾನ. ಪ್ಲಗ್ ಅರ್ಧ ಕೂತಿರುವುದೂ ಬಹಳ ಸಲ ಇದೆ. ಕ್ಲಿಕ್ ಅಂತ ಕೂರಿಸಿ.

ಮೋಟಾರ್ ಗುಂಯ್ ಅನ್ನುತ್ತದೆ, ಗಾಡಿ ಹೋಗುವುದಿಲ್ಲ

ನನಗೆ ಹೆಚ್ಚು ಹೊತ್ತು ಹಿಡಿಯುವುದು ಇದೇ ಭಾಗ. ಎಲೆಕ್ಟ್ರಾನಿಕ್ಸ್ ಸರಿ ಇದೆ, ತಡೆ ಗೇರ್‌ಗಳ ನಡುವೆ ಎಲ್ಲೋ ಇದೆ.

ಮೊದಲು ಮೋಟಾರಿನಿಂದ ಹೊರಡುವ ಆಕ್ಸಲ್ ಎಳೆದು ಬಿಡಿಸಿ. ಮೋಟಾರ್ ಒಂಟಿಯಾಗಿ ಓಡಿಸಿ. ಸರಾಗವಾಗಿ ತಿರುಗಿದರೆ ಅದಕ್ಕೇನೂ ಆಗಿಲ್ಲ. ಈಗ ಬಿಡಿಸಿದ ಆಕ್ಸಲನ್ನು ಬೆರಳಲ್ಲಿ ತಿರುಗಿಸಿ. ಒಂದೇ ಹದದಲ್ಲಿ ತಿರುಗಬೇಕು. ಒಂದು ಸುತ್ತಿನಲ್ಲಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇದ್ದರೆ ಆಕ್ಸಲ್ ಬಾಗಿದೆ ಅಥವಾ ಚೌಕಟ್ಟು ನೇರ ಕೂತಿಲ್ಲ. ಇಡೀ ಸುತ್ತು ಬಿಗಿಯಿದ್ದರೆ ಬುಶ್‌ಗಳನ್ನು (ಆಕ್ಸಲ್ ಜರುಗದಂತೆ ಹಿಡಿಯುವ ಸಣ್ಣ ಬಳೆಗಳು) ತೀರಾ ಒತ್ತಿ ಕೂರಿಸಲಾಗಿದೆ. ಗೇರ್ ಮತ್ತು ಬೀಮ್ (ತೂತುಗಳಿರುವ ಚೌಕಟ್ಟಿನ ಪಟ್ಟಿ) ನಡುವೆ ಕಾಗದ ಹೋಗುವಷ್ಟು ಸಂದು ಬಿಡಿ. ಹೀಗೆ ಮೋಟಾರಿನಿಂದ ಚಕ್ರದ ಕಡೆಗೆ ಒಂದೊಂದೇ ಆಕ್ಸಲ್ ಬಿಡಿಸುತ್ತಾ ಹೋದರೆ ಬಿಗಿಯಾದ ಜಾಗ ಸಿಕ್ಕೇ ಸಿಗುತ್ತದೆ.

ಚೈನ್ ಗಾಡಿಗಳಲ್ಲಿ ಕೂದಲು ಮತ್ತು ನೂಲು ದೊಡ್ಡ ಶತ್ರು. ನೆಲದ ಮೇಲೆ ಓಡುವ ಗಾಡಿ ಮನೆಯ ಕೂದಲನ್ನೆಲ್ಲ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ. ಚೈನ್ ತೆಗೆದು, ಚಿಮಟದಿಂದ ಎಳೆದು ತೆಗೆಯಿರಿ. ಎಣ್ಣೆ ಹಾಕಬೇಡಿ. ದೂಳು ಅಂಟಿ ಇನ್ನೂ ಕೆಡುತ್ತದೆ.

ಟಿಕ್ ಟಿಕ್ ಸದ್ದು ಕೇಳಿದರೆ ಗಾಬರಿ ಬೇಡ, ಎಲ್ಲಿಂದ ಬರುತ್ತಿದೆ ಅಂತ ಕಿವಿಗೊಟ್ಟು ಕೇಳಿ. ಬೂಮ್ ಎತ್ತುವ ಲೀನಿಯರ್ ಆಕ್ಚುಯೇಟರ್ (ಉದ್ದಕ್ಕೆ ಚಾಚಿ ಒಳಸರಿಯುವ ಕೊಳವೆ) ಕೊನೆ ಮುಟ್ಟಿದಾಗ ಅದರೊಳಗಿನ ಕ್ಲಚ್ ಜಾರಿ ಸದ್ದು ಮಾಡುತ್ತದೆ. ಅದು ಮುರಿಯದಂತೆ ಕಾಪಾಡುವ ವ್ಯವಸ್ಥೆ. ಹಾಗೆಯೇ 24 ಹಲ್ಲಿನ ಒಂದು ಕ್ಲಚ್ ಗೇರ್ ಇದೆ. ಅದರ ಮೈಮೇಲೆ ಎಷ್ಟು ಬಲಕ್ಕೆ ಜಾರುತ್ತದೆ ಅಂತ 2.5 ಮತ್ತು 5.0 ಅನ್ನುವ ಅಂಕೆ ಅಚ್ಚಾಗಿರುತ್ತದೆ. ಅದೂ ಜಾರಲೆಂದೇ ಇರುವುದು. ಆದರೆ ಬೂಮ್ ನಡುವೆ ಇರುವಾಗಲೇ ಟಿಕ್ ಟಿಕ್ ಬಂದರೆ ಭಾರ ಜಾಸ್ತಿ ಅಥವಾ ಎಲ್ಲೋ ಸಿಕ್ಕಿಕೊಂಡಿದೆ. ಕಟಕಟ ಅಂತ ಒರಟು ಸದ್ದು ಬಂದರೆ ಎರಡು ಗೇರ್‌ಗಳ ಹಲ್ಲು ಕೂಡುತ್ತಿಲ್ಲ. ಚೌಕಟ್ಟಿನ ಪಿನ್ ಒಂದು ಬಿಟ್ಟುಹೋಗಿರುತ್ತದೆ. ಕೂಡಲೇ ನಿಲ್ಲಿಸಿ. ಹಲ್ಲು ಸವೆದರೆ ಗೇರ್ ಬದಲಿಸಬೇಕು.

ಸ್ವಲ್ಪ ಹೊತ್ತು ಓಡಿ ಮೋಟಾರ್ ತಾನಾಗಿ ನಿಂತರೆ ಬಿಸಿಯಾಗಿದೆಯೇ ಮುಟ್ಟಿ ನೋಡಿ. ಬಿಸಿ ಅಥವಾ ಕರೆಂಟ್ ಮಿತಿ ಮೀರಿದರೆ ಒಳಗಿನ ರಕ್ಷಣೆ ತಡೆಯುತ್ತದೆ. ಹದಿನೈದು ನಿಮಿಷ ಆರಲು ಬಿಟ್ಟು ಓಡಿಸಿ. ಆರಿದ ಮೇಲೆ ಓಡಿ ಮತ್ತೆ ಅಷ್ಟೇ ಹೊತ್ತಿಗೆ ನಿಂತರೆ ಬಿಗಿ ಇನ್ನೂ ಇದೆ ಎಂದೇ ಅರ್ಥ.

2021ರ 42131 ಕ್ಯಾಟ್ ಡಿ11 ಬುಲ್ಡೋಜರ್ ಬೇರೆ ರೀತಿ. 3854 ತುಂಡಿನ ಈ ಸೆಟ್‌ನಲ್ಲಿ ಹಬ್ ಒಂದೇ. ಬ್ಲೇಡ್, ಹಿಂದೆ ನೆಲ ಕೆದಕುವ ರಿಪ್ಪರ್ ಎಲ್ಲಕ್ಕೂ ಬೇರೆ ಬೇರೆ ಮೋಟಾರ್ ಇಲ್ಲ. ಒಂದು ಮೋಟಾರ್ ಗೇರ್‌ಬಾಕ್ಸ್ ಬದಲಾಯಿಸುತ್ತದೆ, ಇನ್ನೊಂದು ಆಯ್ಕೆಯಾದ ಕೆಲಸ ಮಾಡುತ್ತದೆ. ಬ್ಲೇಡ್ ಕೇಳಿದಾಗ ರಿಪ್ಪರ್ ಅಲುಗಿದರೆ ಇಲ್ಲಿ ವೈರ್ ಒಂದೇ ಕಾರಣವಲ್ಲ, ಕ್ಯಾಲಿಬ್ರೇಶನ್ ತಪ್ಪಿರಬಹುದು. ಮೋಟಾರಿನೊಳಗೆ ಎಷ್ಟು ತಿರುಗಿದೆ ಅಂತ ಅಳೆಯುವ ಸೆನ್ಸರ್ ಇದೆ. ಆ್ಯಪ್ ಶುರುವಿನಲ್ಲಿ ಅದನ್ನು ನೋಡಿ ಸ್ಥಾನ ಗುರುತಿಸುತ್ತದೆ. ಆ ಹೊತ್ತಿನಲ್ಲಿ ಗಾಡಿಯನ್ನು ಕೈಯಲ್ಲಿ ಹಿಡಿದರೆ, ಎತ್ತಿದರೆ, ಲೆಕ್ಕ ತಪ್ಪುತ್ತದೆ. ಸಮತಟ್ಟು ನೆಲದ ಮೇಲೆ ಇಟ್ಟು, ಮುಟ್ಟದೆ, ಕ್ಯಾಲಿಬ್ರೇಶನ್ ಮತ್ತೆ ಮಾಡಿಸಿ.

ಹಳೆಯ ಇನ್ಫ್ರಾರೆಡ್ ಸೆಟ್‌ಗಳು

2007ರ 8275 ಬುಲ್ಡೋಜರ್, 2010ರ 8043 ಎಕ್ಸ್‌ಕವೇಟರ್ ಈಗಲೂ ಕೆಲವರ ಮನೆಯಲ್ಲಿವೆ. ಇವು ಪವರ್ ಫಂಕ್ಷನ್ಸ್ ಅನ್ನುವ ಲೆಗೋದ ಹಳೆಯ ಮೋಟಾರ್ ವ್ಯವಸ್ಥೆಯ ಕಾಲದವು. ಫೋನ್ ಬೇಡ, ಆ್ಯಪ್ ಬೇಡ. ರಿಪೇರಿಗೆ ಇವೇ ಸುಲಭ.

ರಿಮೋಟ್ ಒತ್ತಿ, ಅದರ ಮೂತಿಯನ್ನು ಫೋನಿನ ಕ್ಯಾಮೆರಾದಲ್ಲಿ ನೋಡಿ. ಕಣ್ಣಿಗೆ ಕಾಣದ ಬೆಳಕು ಪರದೆಯಲ್ಲಿ ನೇರಳೆಯಾಗಿ ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಬೆಳಕು ಬಂದರೆ ರಿಮೋಟ್ ಸರಿ. ನಂತರ ಚಾನೆಲ್ ಸ್ವಿಚ್. ರಿಮೋಟಿನಲ್ಲೂ ರಿಸೀವರ್‌ನಲ್ಲೂ 1ರಿಂದ 4ರವರೆಗಿನ ಕಿತ್ತಳೆ ಬಣ್ಣದ ಸ್ವಿಚ್ ಒಂದೇ ಅಂಕೆಯಲ್ಲಿರಬೇಕು. ಎಕ್ಸ್‌ಕವೇಟರಿನಲ್ಲಿ ಎರಡು ರಿಸೀವರ್ ಇರುವುದರಿಂದ ಒಂದು ಜರುಗಿದರೂ ಅರ್ಧ ಯಂತ್ರ ಸುಮ್ಮನಾಗುತ್ತದೆ.

ಕಿಟಕಿಯಿಂದ ಬಿಸಿಲು ನೇರ ಬೀಳುತ್ತಿದ್ದರೆ ರಿಸೀವರ್‌ಗೆ ಸಿಗ್ನಲ್ ಕಾಣುವುದಿಲ್ಲ. ಸಿಎಫ್‌ಎಲ್ ಬಲ್ಬಿನ ಬೆಳಕೂ ಕೆಲವೊಮ್ಮೆ ಅಡ್ಡ ಬರುತ್ತದೆ. ಪರದೆ ಎಳೆದು, ದೀಪ ಆರಿಸಿ ನೋಡಿ. ಆಮೇಲೂ ಓಡದಿದ್ದರೆ ರಿಸೀವರ್ ತೆಗೆದು ಮೋಟಾರನ್ನು ನೇರವಾಗಿ ಬ್ಯಾಟರಿ ಪೆಟ್ಟಿಗೆಗೆ ಸೇರಿಸಿ. ಓಡಿದರೆ ತಪ್ಪು ರಿಸೀವರಿನದು. ಈ ಭಾಗಗಳ ತಯಾರಿಕೆ ನಿಂತಿದೆ. ಹಳೆಯದೇ ಹುಡುಕಬೇಕು.

ಕ್ರಾಫರ್ಡ್ ಮಾರ್ಕೆಟ್ ಕಡೆ ಸಿಗುವ ಬೇರೆ ಕಂಪನಿಗಳ ಸೆಟ್‌ಗಳಲ್ಲಿ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ರಿಮೋಟ್ ಮತ್ತು ಚಾರ್ಜ್ ಆಗುವ ಬ್ಯಾಟರಿ ಪೆಟ್ಟಿಗೆ ಇರುತ್ತದೆ. ಗೇರ್, ಆಕ್ಸಲ್ ಪರೀಕ್ಷೆ ಅವಕ್ಕೂ ಇದೇ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್ ಮಾಡಲೇಬೇಡಿ.

ಹಳೆಯ ಸೆಟ್ ಕೊಳ್ಳುವವರಿಗೆ

ಮಾರುವವರು ತುಂಡುಗಳ ತೂಕ ಹೇಳಿ ಬೆಲೆ ಕಟ್ಟುತ್ತಾರೆ. ನೀವು ಹಬ್ ಮತ್ತು ಮೋಟಾರ್ ಎಣಿಸಿ ಬೆಲೆ ಕಟ್ಟಿ. ಆರು ಹೊಸ ಆಲ್ಕಲೈನ್ ಸೆಲ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಎರಡು ಹಬ್ ಇದ್ದರೆ ಹನ್ನೆರಡು. ಆ್ಯಪ್ ಮನೆಯಲ್ಲೇ ಇಳಿಸಿಕೊಂಡಿರಿ, ಅನುಮತಿಗಳನ್ನೂ ಕೊಟ್ಟಿರಿ. ಹಬ್‌ನ ಸೆಲ್ ಮುಚ್ಚಳ ತೆಗೆದು ಪತ್ತಿ ನೋಡಿ. ನಾಲ್ಕೂ ಪೋರ್ಟಿಗೆ ಒಂದೇ ಮೋಟಾರನ್ನು ಒಂದೊಂದಾಗಿ ಹಾಕಿ, ಎರಡೂ ದಿಕ್ಕಿಗೆ ಓಡಿಸಿ. ಆಮೇಲೆ ಸರಿ ಇರುವ ಒಂದು ಪೋರ್ಟಿಗೆ ಪ್ರತಿ ಮೋಟಾರನ್ನೂ ಹಾಕಿ ನೋಡಿ. ಅಷ್ಟು ಹೊತ್ತು ಕೊಡಲು ಒಪ್ಪದ ಮಾರಾಟಗಾರರಿಂದ ನಾನಾಗಿದ್ದರೆ ಕೊಳ್ಳುವುದಿಲ್ಲ.

ಒಂದು ಮೋಟಾರ್ ಸತ್ತಿದ್ದರೆ ಅದರ ಬಿಡಿ ಬೆಲೆಯನ್ನು ಬ್ರಿಕ್‌ಲಿಂಕ್ ಅನ್ನುವ ಲೆಗೋ ಬಿಡಿಭಾಗಗಳ ಜಾಲತಾಣದಲ್ಲಿ ನೋಡಿ, ಕೊರಿಯರ್ ಮತ್ತು ಸುಂಕ ಸೇರಿಸಿ, ಅಷ್ಟನ್ನೂ ಕೇಳಿದ ಬೆಲೆಯಿಂದ ಕಳೆಯಿರಿ. ಹಬ್‌ನ ಒಂದು ಪೋರ್ಟ್ ಸತ್ತಿದ್ದರೂ ಆ ಹಬ್‌ಗೆ ಬೆಲೆ ಇಲ್ಲ ಅಂತಲೇ ಲೆಕ್ಕ ಹಾಕಿ, ಯಾಕೆಂದರೆ ಆ್ಯಪ್ ಕೇಳುವುದು ಅದೇ ಪೋರ್ಟನ್ನು ಆಗಿರಬಹುದು. ಕಾಣೆಯಾದ ಹತ್ತಿಪ್ಪತ್ತು ಪಿನ್‌ಗಳ ಬಗ್ಗೆ ಚೌಕಾಸಿ ಮಾಡುವ ಅಗತ್ಯವೇ ಇಲ್ಲ. ಅವು ಅಗ್ಗದಲ್ಲಿ ಸಿಗುತ್ತವೆ.